ಯಾವ ಮಾತ್ರೆ ನುಂಗಿದ್ರಿ ಅಂತ ಕೇಳೋರನ್ನೂ ಲೆಕ್ಕಕ್ಕೆ ತಗೊಳ್ಳಿ

ಸಂಪಾದಕರೇ,

ಮಂಡಿನೋವು, ಸಂಧಿವಾತದ ಬಗ್ಗೆ ಪೇಪರ್‌ನಲ್ಲಿ ಏನೇ ಬಂದ್ರೂ ಕೊನೇಲಿ 'ವೈದ್ಯರ ಸಲಹೆ ಇಲ್ಲದೆ ನೋವಿನ ಮಾತ್ರೆ ತಗೋಬೇಡಿ' ಅಂತ ಒಂದು ಸಾಲು ಇದ್ದೇ ಇರುತ್ತೆ. ಸರಿನೇ. ಆದ್ರೆ ರುಮಟಾಲಜಿ (ಸಂಧಿವಾತ, ಕೀಲುನೋವಿನ ವಿಭಾಗ) ಓಪಿಡಿಗೆ ಬರೋರು ಬಹಳಷ್ಟು ಜನ ಆ ಮಾತ್ರೆ ನುಂಗಿ ನುಂಗಿ ಸಾಕಾಗಿನೇ ಬಂದಿರ್ತಾರೆ, ಏನು ನುಂಗಿದ್ರು, ಎಷ್ಟು ದಿನದಿಂದ, ಕೊಟ್ಟೋರು ಯಾರು ಅಂತ ಕೂರಿಸಿಕೊಂಡು ವಿಚಾರಿಸೋದು ನಮ್ಮಂಥ ಫಿಸಿಶಿಯನ್ ಅಸಿಸ್ಟೆಂಟ್‌ಗಳು. ನಾವು ಡಾಕ್ಟ್ರೂ ಅಲ್ಲ, ನರ್ಸೂ ಅಲ್ಲ. ಡಾಕ್ಟ್ರು ನೋಡೋಕೆ ಮುಂಚೆ ಕಾಯಿಲೆಯ ಹಿನ್ನೆಲೆ ಕೇಳಿ ಬರ್ಕೊಂಡು, ಊದಿರೋ ಕೀಲು ಮುಟ್ಟಿ ನೋಡಿ, ಹಳೇ ರಿಪೋರ್ಟೆಲ್ಲ ಜೋಡಿಸಿ ಇಡೋರು. ನಮ್ಮ ದೇಶದಲ್ಲಿ ಈ ಕೋರ್ಸ್ ಚೆನ್ನೈಯಲ್ಲಿ 1992ರಲ್ಲೇ ಶುರುವಾಗಿದೆ, 2021ರ ಅಲೈಡ್ ಹೆಲ್ತ್‌ಕೇರ್ ಕಾಯ್ದೆಯಲ್ಲೂ ನಮ್ಮ ವೃತ್ತಿ ಸೇರಿದೆ. ಆದ್ರೂ ನೋವಿನ ಮಾತ್ರೆ ಮೇಲೆ ಸಂಶೋಧನೆ ಅಂತ ಬಂದಾಗ ನಮ್ಮನ್ನ ಕೇಳೋರಿಲ್ಲ, ಅದಕ್ಕೇ ಈ ಪತ್ರ.

ಒಂದು ಉದಾಹರಣೆ ಹೇಳ್ತೀನಿ. ರುಮಟಾಯ್ಡ್ ಆರ್ಥ್ರೈಟಿಸ್ (ಕೀಲು ಊದಿ ಹಾಳಾಗ್ತಾ ಹೋಗೋ ಸಂಧಿವಾತ) ಇರೋ ಹೆಂಗಸು, ಹೊಲದ ಕೆಲಸ. ಮಾತ್ರೆ ತೋರಿಸಮ್ಮ ಅಂದ್ರೆ ಪರ್ಸಿಂದ ಕತ್ತರಿಸಿದ ಸ್ಟ್ರಿಪ್ ತುಂಡು ತೆಗೆದ್ರು, ಹೆಸರಿರೋ ಕಡೆನೇ ಕತ್ತರಿ ಬಿದ್ದಿದೆ. ಜೊತೆಗೆ ಪೇಪರ್ ಪೊಟ್ಟಣದಲ್ಲಿ ಬಿಡಿ ಮಾತ್ರೆಗಳು. "ಈ ಬಿಳೀದು ಸಣ್ಣದು ಐತಲ್ಲ ಸರ್, ಇದು ತಗಂಡ್ರೆ ಎದ್ದು ಓಡಾಡ್ತೀನಿ ನೋಡ್ರಿ" ಅಂದ್ರು. ಮುಖ ಉಬ್ಬಿ ದುಂಡಗಾಗಿತ್ತು, ಶುಗರ್ ಹೊಸದಾಗಿ ಶುರುವಾಗಿತ್ತು. ಇವೆರಡೂ ಸ್ಟೆರಾಯ್ಡ್‌ನ ಅಡ್ಡಪರಿಣಾಮ, ಆ ಸಣ್ಣ ಬಿಳಿ ಮಾತ್ರೆ ಅದೇ ಇರ್ಬೇಕು ಅಂತ ಊಹಿಸೋಕೆ ದೊಡ್ಡ ಓದೇನೂ ಬೇಡ. ಆದ್ರೆ ಅದನ್ನ ತಟ್ಟಂತ ನಿಲ್ಲಿಸಿ ಅನ್ನೋ ಹಾಗೂ ಇಲ್ಲ, ತಿಂಗಳುಗಟ್ಟಲೆ ತಗೊಂಡೋರು ಒಮ್ಮೆಗೇ ಬಿಟ್ರೆ ಬಿಪಿ ಇಳಿದು ಸುಸ್ತಾಗಿ ಬಿದ್ದುಬಿಡಬಹುದು. ಇಂಥ ಮಾಹಿತಿ ನಮ್ಮ ಕೇಸ್ ಶೀಟ್‌ನಲ್ಲಿ ಒಂದು ಸಾಲಾಗಿ ಉಳಿಯುತ್ತೆ ಅಷ್ಟೇ, ಯಾವ ಅಧ್ಯಯನಕ್ಕೂ ಹೋಗಲ್ಲ.

ಹೊರದೇಶದ ದೊಡ್ಡ ಟ್ರಯಲ್‌ಗಳು (ಔಷಧ ಪ್ರಯೋಗಗಳು) ಬೇಕು, ಬೇಡ ಅನ್ನಲ್ಲ. ವಯಾಕ್ಸ್ ಅನ್ನೋ ನೋವಿನ ಮಾತ್ರೆಯಿಂದ ಹಾರ್ಟ್ ಅಟ್ಯಾಕ್ ಜಾಸ್ತಿ ಆಗುತ್ತೆ ಅಂತ ಗೊತ್ತಾಗಿ 2004ರ ಸೆಪ್ಟೆಂಬರ್‌ನಲ್ಲಿ ಕಂಪನಿನೇ ಅದನ್ನ ಎಲ್ಲಾ ಕಡೆ ವಾಪಸ್ ತಗೊಳ್ತು. ಆಮೇಲೆ ಪ್ರಿಸಿಷನ್ ಅನ್ನೋ ಟ್ರಯಲ್ ಆಯ್ತು, 2016ರಲ್ಲಿ ಫಲಿತಾಂಶ ಬಂತು, 24 ಸಾವಿರ ಜನರ ಮೇಲೆ ವಯಾಕ್ಸ್ ಗುಂಪಿಂದೇ ಆದ ಸೆಲೆಕಾಕ್ಸಿಬ್‌ನ ನ್ಯಾಪ್ರೋಕ್ಸೆನ್, ಐಬುಪ್ರೊಫೆನ್ ಅನ್ನೋ ಹಳೇ ನೋವಿನ ಮಾತ್ರೆಗಳ ಜೊತೆ ಹೋಲಿಸಿ ನೋಡಿ, ಹೃದಯದ ವಿಷಯದಲ್ಲಿ ಮಿತವಾದ ಡೋಸ್ ಸೆಲೆಕಾಕ್ಸಿಬ್ ಉಳಿದೆರಡಕ್ಕಿಂತ ಅಪಾಯಕಾರಿ ಏನಲ್ಲ ಅಂದ್ರು. ಆದ್ರೆ ಅದರಲ್ಲಿದ್ದೋರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಮಾತ್ರೆನ ನಡುವೆನೇ ಬಿಟ್ಟಿದ್ರು, ಮತ್ತೆ 10ರಲ್ಲಿ 9 ಜನ ಕೀಲು ಸವೆತದವರು (ಆಸ್ಟಿಯೋಆರ್ಥ್ರೈಟಿಸ್), ರುಮಟಾಯ್ಡ್‌ನವರು 10ಕ್ಕೆ ಒಬ್ಬರು. ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಕೇಳಿದ ತಕ್ಷಣ ಕೈಗೆ ಬರೋ ಅಸಿಕ್ಲೋಫೆನಾಕ್ ಅನ್ನೋ ನೋವಿನ ಮಾತ್ರೆ ಅದರಲ್ಲಿ ಇರಲೇ ಇಲ್ಲ, ಅಮೆರಿಕದಲ್ಲಿ ಆ ಮಾತ್ರೆಗೆ ಪರವಾನಗಿನೇ ಇಲ್ಲ. ಇಲ್ಲಿ ಅದು ಪ್ಯಾರಸಿಟಮಾಲ್ ಜೊತೆ ಸೇರಿ ಬರುತ್ತೆ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 156 ಕಾಂಬಿನೇಷನ್ ಔಷಧ ನಿಷೇಧಿಸಿದಾಗ ಅಸಿಕ್ಲೋಫೆನಾಕ್ 50, ಪ್ಯಾರಸಿಟಮಾಲ್ 125 ಎಂಜಿ ಇರೋದು ಪಟ್ಟಿಲಿತ್ತು, ಹೆಚ್ಚು ಡೋಸಿನ 100 ಮತ್ತು 325 ಎಂಜಿದು ಇರಲಿಲ್ಲ. ಪೇಷೆಂಟ್‌ಗೆ ಇದನ್ನ ಬಿಡಿಸಿ ಹೇಳೋದು ಹೇಗೆ ಅಂತ ನಂಗೂ ಗೊತ್ತಾಗಲ್ಲ ಬಿಡಿ.

ನಿಜವಾದ ಸಮಸ್ಯೆ ಇರೋದು ನಡುವಿನ ಗ್ಯಾಪ್‌ನಲ್ಲಿ. ನೋವಿನ ಮಾತ್ರೆ ನೋವು ತಗ್ಗಿಸುತ್ತೆ, ಕೀಲು ಹಾಳಾಗೋದನ್ನ ತಡೆಯಲ್ಲ. ತಡೆಯೋ ಮೆಥೊಟ್ರೆಕ್ಸೇಟ್ ಕೆಲಸ ಕಾಣೋಕೆ 6ರಿಂದ 12 ವಾರ ಬೇಕು, ಅದನ್ನ ವಾರಕ್ಕೆ ಒಂದೇ ದಿನ ತಗೋಬೇಕು, ಯಾರಾದ್ರೂ ತಿಳೀದೆ ದಿನಾ ನುಂಗಿದ್ರೆ ರಕ್ತಕಣ ಕಮ್ಮಿಯಾಗಿ ಜೀವಕ್ಕೇ ಬರುತ್ತೆ. ಆ ಎರಡು ಮೂರು ತಿಂಗಳು ನೋವು ತಡ್ಕೊಳೋಕಾಗದೆ ಜನ ಮತ್ತೆ ಮೆಡಿಕಲ್‌ಗೆ ಹೋಗ್ತಾರೆ. ಮೊದಲೇ ಟೆಲ್ಮಿಸಾರ್ಟಾನ್ ಥರದ ಬಿಪಿ ಮಾತ್ರೆ, ಅದರ ಜೊತೆ ಮೂತ್ರ ಹೆಚ್ಚಿಸೋ ಮಾತ್ರೆ ನಡೀತಿರುತ್ತೆ, ಮೇಲೆ ಡೈಕ್ಲೋಫೆನಾಕ್ ಥರದ ನೋವಿನ ಮಾತ್ರೆ ಬಿದ್ರೆ ಮೂರೂ ಸೇರಿ ಕಿಡ್ನಿಗೆ ಕುತ್ತು. ಮುಂದಿನ ಸಲ ಬಂದಾಗ ಕ್ರಿಯಾಟಿನಿನ್ (ಕಿಡ್ನಿ ಸ್ಥಿತಿ ತೋರಿಸೋ ರಕ್ತಪರೀಕ್ಷೆ) ಏರಿರುತ್ತೆ, ಏನೂ ತಗೊಂಡಿಲ್ಲ ಸರ್ ಅಂತಾರೆ, ಯಾಕಂದ್ರೆ ನೋವಿನ ಮಾತ್ರೆನ ಅವ್ರು ಔಷಧಿ ಅಂತ ಲೆಕ್ಕಕ್ಕೇ ಇಟ್ಟಿರಲ್ಲ! "ಮೈಕೈ ನೋವಿಗೆ ಏನಾದ್ರೂ?" ಅಂತ ಬೇರೆಯಾಗಿ ಕೇಳಿದ್ರೆನೇ ಬಾಯಿ ಬಿಡೋದು.

ಈ ಗ್ಯಾಪ್‌ನಲ್ಲಿ ನಮ್ಮ ಜನ ಏನು ತಗೋತಾರೆ, ಡೈಕ್ಲೋಫೆನಾಕ್ ಜೆಲ್ ಹಚ್ಚಿದ್ರೆ ಎಷ್ಟು ಮಾತ್ರೆ ಉಳಿಯುತ್ತೆ, ಕಿಡ್ನಿ ಟೆಸ್ಟ್ ಎಷ್ಟನೇ ವಾರಕ್ಕೆ ಮಾಡಿಸೋದು ಸರಿ, ಇದನ್ನೆಲ್ಲ ತಿಳ್ಕೊಳೋಕೆ ಕೋಟಿಗಟ್ಟಲೆ ದುಡ್ಡಿನ ಟ್ರಯಲ್ ಬೇಕಿಲ್ಲ. ನಾವು ದಿನಾ ಕೇಳೋ ಪ್ರಶ್ನೆಗಳನ್ನೇ ಎಲ್ಲಾ ಕಡೆ ಒಂದೇ ನಮೂನೇಲಿ ಬರೆದಿಟ್ರೆ ಅರ್ಧ ಕೆಲಸ ಆಯ್ತು. ವೈದ್ಯಕೀಯ ಕಾಲೇಜುಗಳು ತಮ್ಮ ರುಮಟಾಲಜಿ ಅಧ್ಯಯನಗಳಲ್ಲಿ ಫಿಸಿಶಿಯನ್ ಅಸಿಸ್ಟೆಂಟ್‌ಗಳನ್ನ ಸೇರಿಸ್ಕೊಳ್ಳಲಿ, ಕೋರ್ಸ್‌ನಲ್ಲಿ ಔಷಧ ಅಡ್ಡಪರಿಣಾಮದ ರಿಪೋರ್ಟ್ ಬರೆಯೋದನ್ನ ಕೈಹಿಡಿದು ಕಲಿಸಲಿ. ಅದು ಪೇಷೆಂಟ್‌ಗಳೂ ಮಾಡಬಹುದಾದ ಕೆಲಸ, ಕೇಂದ್ರದ ಫಾರ್ಮಕೋವಿಜಿಲೆನ್ಸ್ (ಔಷಧ ಅಡ್ಡಪರಿಣಾಮದ ಮೇಲೆ ನಿಗಾ ಇಡೋ ವ್ಯವಸ್ಥೆ) ಸಹಾಯವಾಣಿ 1800-180-3024, ಟೋಲ್ ಫ್ರೀ. ಮಂಡಿನೋವಿನ ಮುಂದಿನ ಲೇಖನದ ಕೆಳಗೆ ಈ ನಂಬರ್ ಒಂದು ಹಾಕಿಬಿಡಿ.

– ಒಬ್ಬ ಫಿಸಿಶಿಯನ್ ಅಸಿಸ್ಟೆಂಟ್, ದಾವಣಗೆರೆ