ಸಂಚಾರಿ ಪ್ರಯೋಗಾಲಯದ ಬಳಗಕ್ಕೆ ಒಂದು ದೊಡ್ಡ ಥ್ಯಾಂಕ್ಸ್

ನಮ್ಮ ಸಂಚಾರಿ ವಿಜ್ಞಾನ ಪ್ರಯೋಗಾಲಯದ ಈ ವರ್ಷದ ಕೊನೆಯ ಶಾಲೆಯೂ ಮುಗಿಯಿತು. ಸಾಮಾನು ಒಳಗಿಟ್ಟಾಯಿತು, ಲೆಕ್ಕ ಒಪ್ಪಿಸಿದ್ದೂ ಆಯಿತು. ಸ್ವಯಂಸೇವಕಿಯಾಗಿ ನನಗಿದು ಮೊದಲ ವರ್ಷ. ಶಾಲೆ ಬಿಡುವ ಹೊತ್ತಿನ ಗಡಿಬಿಡಿಯಲ್ಲಿ ಯಾರಿಗೂ ನೆಟ್ಟಗೆ ಥ್ಯಾಂಕ್ಸ್ ಹೇಳಲಾಗಲಿಲ್ಲ. ಈಗ ಹೇಳಿಬಿಡುತ್ತೇನೆ.

ಮೊದಲು ಡ್ರೈವರ್ ಅಣ್ಣನಿಗೆ. ಮೈಕ್ರೋಸ್ಕೋಪಿನಲ್ಲಿ ಏನು ಕಂಡಿತು ಅಂತ ಎಲ್ಲರೂ ಮಾತಾಡುತ್ತಾರೆ, ಗುಂಡಿ ಬಿದ್ದ ರಸ್ತೆಯಲ್ಲಿ ಅದನ್ನು ಹಾಳಾಗದಂತೆ ತಂದವರನ್ನು ಯಾರೂ ಕೇಳುವುದಿಲ್ಲ. ಆಮ್ಲದ ಬಾಟಲಿ ಕೆಳಗೆ, ಮಸೂರದ ಪೆಟ್ಟಿಗೆ ಬೇರೆ ಕಡೆ, ಗಾಜಿನ ಸಾಮಾನಿನ ಮಧ್ಯೆ ಹಳೆ ಬಟ್ಟೆ. ಈ ವ್ಯವಸ್ಥೆಯೆಲ್ಲ ಅವರದೇ. ಬರಬರುತ್ತಾ ಲೋಲಕದ ಪ್ರಯೋಗವನ್ನೂ ಅವರೇ ವಹಿಸಿಕೊಂಡರು. ಒಂದು ಮೀಟರ್ ದಾರಕ್ಕೆ ಮೊದಲು ಒಂದು ನಟ್ಟು, ಆಮೇಲೆ ನಾಲ್ಕು ನಟ್ಟು ಕಟ್ಟಿ, "ಯಾವುದು ಬೇಗ ಹೋಗಿ ಬರುತ್ತೆ, ಹೇಳ್ರೋ" ಅನ್ನುತ್ತಿದ್ದರು. ನಾಲ್ಕು ನಟ್ಟಿನದೇ ಅಂತ ಇಡೀ ಕ್ಲಾಸು ಕೂಗುತ್ತಿತ್ತು. ಗಡಿಯಾರ ಹಿಡಿದು ಎಣಿಸಿದರೆ ಎರಡಕ್ಕೂ ಸುಮಾರು 2 ಸೆಕೆಂಡು. ಆಗಿನ ಅವರ ನಗು ನೋಡಬೇಕಿತ್ತು.

ಆಮೇಲೆ ನಮ್ಮ ಹಿರಿಯ ಮೇಷ್ಟ್ರಿಗೆ. ತಟ್ಟೆಯಲ್ಲಿ ನೀರು, ನಡುವೆ ಉರಿಯುವ ಮೇಣದಬತ್ತಿ, ಅದರ ಮೇಲೆ ಗಾಜಿನ ಲೋಟ ಬೋರಲು. ಬತ್ತಿ ಆರುತ್ತದೆ, ನೀರು ಲೋಟದೊಳಗೆ ಏರುತ್ತದೆ. ಆಮ್ಲಜನಕ ಖಾಲಿಯಾಯಿತು, ಆ ಜಾಗಕ್ಕೆ ನೀರು ಬಂತು ಅನ್ನುವುದು ಎಲ್ಲರ ಬಾಯಲ್ಲೂ ಇರುವ ಉತ್ತರ. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಒಪ್ಪಲಿಲ್ಲ. "ಮಿಸ್, ಉರೀತಿದ್ದಾಗ ನೀರು ಸುಮ್ನೆ ಇತ್ತು. ಆರಿದ ಮೇಲೆ ಯಾಕೆ ದಿಢೀರ್ ಅಂತ ಏರ್ತು?" ನಾನು ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರು ಪಕ್ಕದಿಂದ, "ಉತ್ತರ ಹೇಳ್ಬೇಡಮ್ಮ, ಇನ್ನೆರಡು ಮೇಣದಬತ್ತಿ ಕೊಡು" ಅಂದರು.

ಅವಳು ಮೂರು ಬತ್ತಿ ಹಚ್ಚಿ ಅದೇ ಲೋಟ ಮುಚ್ಚಿದಳು. ನೀರು ಮೊದಲಿಗಿಂತ ಜಾಸ್ತಿ ಏರಿತು. ಲೋಟ ಅದೇ, ಒಳಗಿನ ಆಮ್ಲಜನಕವೂ ಅಷ್ಟೇ ಅಲ್ವಾ? ಹಾಗಾದರೆ ಜಾಸ್ತಿಯಾದದ್ದೇನು? "ಬಿಸಿ" ಅಂದ ಹಿಂದಿನ ಸಾಲಿನ ಹುಡುಗ. ಮುಚ್ಚುವಾಗ ಅಂಚಿನಲ್ಲಿ ಗುಳ್ಳೆ ಬಂದದ್ದನ್ನು ಅವನು ನೋಡಿದ್ದ. ಬಿಸಿಗೆ ಹಿಗ್ಗಿದ ಗಾಳಿ ಒಂದಷ್ಟು ಹಾಗೆ ಹೊರಗೆ ಹೋಗಿರುತ್ತದೆ. ಬತ್ತಿ ಆರಿ ಉಳಿದ ಗಾಳಿ ತಣ್ಣಗಾಗಿ ಕುಗ್ಗಿದಾಗ ಹೊರಗಿನ ಗಾಳಿಯ ಒತ್ತಡ ನೀರನ್ನು ಒಳಗೆ ತಳ್ಳುತ್ತದೆ. ಆಮ್ಲಜನಕವಂತೂ ಪೂರ್ತಿ ಖಾಲಿಯಾಗಿರುವುದೇ ಇಲ್ಲ. ಶೇಕಡಾ 21 ಇದ್ದದ್ದು 16ರ ಆಸುಪಾಸಿಗೆ ಇಳಿದರೆ ಸಾಕು, ಬತ್ತಿ ಆರುತ್ತದೆ.

ಆ ಕ್ಲಾಸಿನ ಟೀಚರಿಗೆ ಬೇರೆಯೇ ಥ್ಯಾಂಕ್ಸ್. ಪರೀಕ್ಷೆ ಹತ್ತಿರವಿದ್ದರೂ ಮುಂದಿನ ಪಿರಿಯಡ್ಡನ್ನೂ ನಮಗೇ ಬಿಟ್ಟರು. ಬೋರ್ಡಿನ ಮೇಲೆ ತಾವೇ ಬರೆದಿದ್ದ ಉತ್ತರವನ್ನು ಮಕ್ಕಳ ಎದುರಿಗೇ ಅಳಿಸಿ, "ಇನ್ನೊಂದ್ಸಲ ಮಾಡೋಣ, ನಾನೂ ನೋಡ್ತೀನಿ" ಅಂತ ಬೆಂಚಿನಲ್ಲಿ ಮಕ್ಕಳ ಪಕ್ಕ ಕೂತರು. ಹಾಗೆ ಮಾಡಲು ಧೈರ್ಯ ಬೇಕು.

ಗಾಳಿಯಲ್ಲಿ ತೇವ ಜಾಸ್ತಿಯಿದ್ದ ದಿನ ಸ್ಥಿರವಿದ್ಯುತ್ ಹುಟ್ಟಿಸುವ ವ್ಯಾನ್ ಡಿ ಗ್ರಾಫ್ ಯಂತ್ರ ಕೈಕೊಟ್ಟಾಗ ಹೇರ್ ಡ್ರೈಯರ್ ಹಿಡಿದು ಒಣಗಿಸಿದವರಿಗೆ, ಸಾಮಾನಿಗೆ ಹಣ ಕೊಟ್ಟು ಹೆಸರು ಹೇಳಬೇಡಿ ಅಂದವರಿಗೆ, ರಜೆಯ ದಿನ ಶಾಲೆಯ ಬಾಗಿಲು ತೆಗೆಸಿದ ಮುಖ್ಯೋಪಾಧ್ಯಾಯರಿಗೆ ನಮಸ್ಕಾರ.

ಇನ್ನು ಸ್ಲೈಡ್ ತೊಳೆದ ಕಾಲೇಜು ಹುಡುಗ ಹುಡುಗಿಯರು. ಈರುಳ್ಳಿಯ ಒಳಪೊರೆ ಸುಲಿದು, ಗಾಳಿಗುಳ್ಳೆ ಸೇರದಂತೆ ಕವರ್ ಸ್ಲಿಪ್ಪನ್ನು (ಮೇಲೆ ಮುಚ್ಚುವ ತೆಳು ಗಾಜು) ಓರೆಯಾಗಿ ಇಳಿಸುವುದನ್ನು ಪ್ರತಿ ಮಗುವಿಗೂ ಕೈಹಿಡಿದು ಕಲಿಸಿದವರು ಅವರು. ವಿಜ್ಞಾನಿ ರಾಬರ್ಟ್ ಹುಕ್ ಮೈಕ್ರೋಸ್ಕೋಪಿನಲ್ಲಿ ನೋಡಿ 1665ರಲ್ಲಿ ಪ್ರಕಟಿಸಿದ ಬಿರಡೆಯ ಚಿತ್ರದಲ್ಲಿ ಇದ್ದದ್ದು ಕೋಶಗಳ ಖಾಲಿ ಗೂಡುಗಳು ಮಾತ್ರ. ನಮ್ಮ ಮಕ್ಕಳಿಗೆ ಒಂದು ಹನಿ ಅಯೋಡಿನ್‌ನಿಂದ ಒಳಗಿನ ಕೋಶಕೇಂದ್ರವೂ ಕಂಡಿತು. ಎಲ್ಲರೂ ಹೋದ ಮೇಲೆ ನಲ್ಲಿ ಹತ್ತಿರ ಕೂತು ಆ ಗಾಜುಗಳನ್ನೆಲ್ಲ ತೊಳೆದು ಒರೆಸಿದ್ದೂ ಅವರೇ. ನೀವು ಬರೆದುಕೊಟ್ಟ ಪಟ್ಟಿ ನನ್ನ ಹತ್ತಿರ ಭದ್ರವಾಗಿದೆ. ಮುಂದಿನ ವರ್ಷಕ್ಕೆ ಕವರ್ ಸ್ಲಿಪ್ ಜಾಸ್ತಿ ತರಿಸುತ್ತೇನೆ, ಹೆಚ್ಚು ಒಡೆಯೋದು ಅವೇ.