ಆಫ್ರಿಕಾದ ಕತೆಗಳೂ ನಮಗೆ ಬೇಕು

ಸಂಪಾದಕರೇ,

ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬುಕರ್ ಬಂದಾಗ ಉಡುಪಿಯಲ್ಲಿ ನಾವೂ ಖುಷಿಪಟ್ಟೆವು. ಆದರೆ ಆಫ್ರಿಕಾದವರ ಸಣ್ಣಕತೆಗೆ 2000ದಿಂದ ಕೊಡುತ್ತಿರುವ ಕೇನ್ ಪ್ರಶಸ್ತಿಯ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಕಾಣುವುದೇ ಅಪರೂಪ, ಬಂದರೂ ಎರಡು ಸಾಲು. ಮೊದಲು ಗೆದ್ದವರು ಸುಡಾನಿನ ಲೈಲಾ ಅಬುಲೇಲಾ. 2011ರಲ್ಲಿ ಗೆದ್ದ ಜಿಂಬಾಬ್ವೆಯ ನೊವಯಲೆಟ್ ಬುಲವಾಯೊ ಅವರ ಕತೆಯನ್ನು ದಯವಿಟ್ಟು ಓದಿ. ಗುಡಿಸಲು ಕೇರಿಯ ಹಸಿದ ಮಕ್ಕಳು ಪೇರಳೆ ಕದಿಯಲು ಶ್ರೀಮಂತರ ಬೀದಿಗೆ ಹೋಗುತ್ತಾರೆ. ಅಲ್ಲಿ ಲಂಡನ್ನಿನಿಂದ ಬಂದ ಹೆಂಗಸೊಬ್ಬಳು ಏನೋ ತಿನ್ನುತ್ತಾ ಮಾತಾಡುತ್ತಾಳೆ, ಮಕ್ಕಳ ಕಣ್ಣೆಲ್ಲ ಅದರ ಮೇಲೆಯೇ, ಅವಳೋ ಉಳಿದದ್ದನ್ನು ಎಸೆದೇ ಬಿಡುತ್ತಾಳೆ. ಓದಿದ ಮೇಲೆ ನನಗೆ ಊಟ ಸೇರಲಿಲ್ಲ. ಇದೇ ಕತೆ ಅವರ ಕಾದಂಬರಿಯ ಮೊದಲ ಅಧ್ಯಾಯವಾಯಿತು, ಆ ಕಾದಂಬರಿ 2013ರ ಬುಕರ್ ಅಂತಿಮ ಪಟ್ಟಿಗೂ ಬಂತು.

ಪೇರಳೆ ಮರ ನಮ್ಮ ಹಿತ್ತಿಲಲ್ಲೂ ಇದೆ ಅಲ್ವಾ? ಇಲ್ಲಿಯ ಓದುಗರಿಗೆ ಇದು ದೂರದ ಕತೆ ಅನಿಸಲಿಕ್ಕಿಲ್ಲ.

ಸುಮ್ನೆ ಪ್ರಶಸ್ತಿಯ ಮೊತ್ತ, ಫೋಟೊ ಹಾಕಿದರೆ ಸಾಲದು. ಭಾನುವಾರದ ಪುರವಣಿಯಲ್ಲಿ ತಿಂಗಳಿಗೊಂದಾದರೂ ಆಫ್ರಿಕಾದ ಕತೆಯ ಅನುವಾದ ಕೊಡಿ. ಉಡುಪಿ, ಮಂಗಳೂರಿನ ಕಾಲೇಜುಗಳಲ್ಲಿ ಇಂಗ್ಲಿಷ್ ಕಲಿಸುವವರನ್ನೇ ಕೇಳಿ. ಅನುವಾದಕರ ಹೆಸರನ್ನು ಕತೆಯ ಮೇಲೆಯೇ ದೊಡ್ಡದಾಗಿ ಹಾಕಿ, ಸಂಭಾವನೆಯನ್ನೂ ಕೊಡಿ.

– ಒಬ್ಬ ಓದುಗ, ಉಡುಪಿ