ಗೃಹ ಸಚಿವರೇ, ಒಂದು ಸಂಜೆ ಅಳತೆ ಟೇಪು ಹಿಡಿದು ಪಟಾಕಿ ಮೈದಾನಕ್ಕೆ ಬನ್ನಿ

ಮಾನ್ಯ ಗೃಹ ಸಚಿವರಿಗೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ನಮಸ್ಕಾರ.

ಆರು ದೀಪಾವಳಿ ಪಟಾಕಿ ಮಾರಿದವನು ನಾನು. ತಾಲ್ಲೂಕು ಕೇಂದ್ರದಲ್ಲಿ ಸಣ್ಣದೊಂದು ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿದ್ದೇನೆ. ಹಬ್ಬದ ನಾಲ್ಕು ದಿನ ಅದನ್ನು ತಮ್ಮನಿಗೆ ಒಪ್ಪಿಸಿ, ಭಾವಮೈದುನನ ಜೊತೆ ಶಾಲಾ ಮೈದಾನದಲ್ಲಿ ತಗಡಿನ ಶೆಡ್ ಹಾಕಿ ಕೂರುತ್ತಿದ್ದೆ. ಪರವಾನಗಿ ಇತ್ತು, ರಸೀದಿ ಇತ್ತು, ಗೋಡೆಗೆ ಲಕ್ಷ್ಮಿ ಪಟವೂ ಇತ್ತು. ಆದ್ದರಿಂದ ಈ ಪತ್ರವನ್ನು ಪರಿಸರವಾದಿಯೊಬ್ಬರ ದೂರು ಎಂದು ಬದಿಗಿಡಬೇಡಿ. ಹೊಗೆಯ ವಿಷಯ ಮಾತಾಡಲು ಬೇರೆಯವರಿದ್ದಾರೆ. ನಾನು ಮಾರಾಟದ ವಿಷಯ ಹೇಳುತ್ತೇನೆ.

2023ರ ಅಕ್ಟೋಬರ್ 7ರ ಶನಿವಾರ ಮಧ್ಯಾಹ್ನ ಬೆಂಗಳೂರು–ಹೊಸೂರು ಹೆದ್ದಾರಿಯ ಅತ್ತಿಬೆಲೆಯ ಪಟಾಕಿ ಮಳಿಗೆಯಲ್ಲಿ ಆದದ್ದು ನಿಮಗೆ ಗೊತ್ತು. ಕ್ಯಾಂಟರ್‌ನಿಂದ ಸರಕು ಇಳಿಸುತ್ತಿದ್ದಾಗ ಬೆಂಕಿ ಹೊತ್ತಿತು. 14ಕ್ಕೂ ಹೆಚ್ಚು ಜನ ಸತ್ತರು. ತಮಿಳುನಾಡಿನಿಂದ ಹಬ್ಬದ ಸೀಸನ್ನಿನ ಕೂಲಿಗೆಂದು ಬಂದ ಹುಡುಗರೇ ಹೆಚ್ಚು. ಅವರಲ್ಲಿ ಕಾಲೇಜಿಗೆ ಹೋಗುತ್ತಿದ್ದವರೂ ಇದ್ದರು. ಅದಕ್ಕೂ ಮೊದಲು, ಅದೇ ಆಗಸ್ಟ್‌ನಲ್ಲಿ, ಹಾವೇರಿ ಹತ್ತಿರದ ಆಲದಕಟ್ಟಿಯ ಪಟಾಕಿ ಗೋದಾಮು ಹೊತ್ತಿ ಉರಿದು ಅಲ್ಲೂ ಜೀವಗಳು ಹೋಗಿದ್ದವು.

ಅತ್ತಿಬೆಲೆಯ ಸುದ್ದಿ ಬಂದಾಗ ನಾನು ಆ ವರ್ಷದ ಸರಕಿಗೆ ಮುಂಗಡ ಕೊಟ್ಟಾಗಿತ್ತು. ಸುಟ್ಟುಹೋದ ಅಂಗಡಿಗಲ್ಲ, ಅದೇ ಹೆದ್ದಾರಿಯ ಬೇರೊಂದಕ್ಕೆ. ಅಂಥ ಮಳಿಗೆಗಳ ಒಳಗು ನನಗೆ ಚೆನ್ನಾಗಿ ಗೊತ್ತು. ಮುಂದೆ ಗಿರಾಕಿ, ಹಿಂದೆ ಸೂರಿನವರೆಗೆ ಪೆಟ್ಟಿಗೆ, ನಡುವೆ ಒಬ್ಬರು ಅಡ್ಡಡ್ಡ ತಿರುಗಿ ನುಸುಳುವಷ್ಟು ದಾರಿ. ಮುಂಗಡ ವಾಪಸು ಬರಲಿಲ್ಲ. ನಾನೂ ಕೇಳಲು ಹೋಗಲಿಲ್ಲ.

ಕೆಲವೇ ದಿನಗಳಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಇನ್ನು ಹಸಿರು ಪಟಾಕಿ ಮಾತ್ರ, ಮದುವೆ, ರಾಜಕೀಯ ಮೆರವಣಿಗೆ, ಗಣೇಶೋತ್ಸವಗಳಲ್ಲಿ ಪಟಾಕಿ ಇಲ್ಲ ಎಂದು ಪ್ರಕಟಿಸಿದರು. ಕೇಳಲು ಹಿತವಾಗಿತ್ತು. ಆದರೆ ಸ್ವಾಮಿ, ಅತ್ತಿಬೆಲೆಯ ಹುಡುಗರು ಸತ್ತದ್ದು ಪಟಾಕಿ ಮದ್ದಿನಲ್ಲಿರುವ ಬೇರಿಯಂ ರಾಸಾಯನಿಕದ ಹೊಗೆಯಿಂದಲ್ಲವಲ್ಲ! ಹಸಿರು ಪಟಾಕಿ ಎಂದರೆ ದೂಳಿನ ಕಣ ಸುಮಾರು ಶೇ 30ರಷ್ಟು ಕಡಿಮೆ ಉಗುಳುವ ಪಟಾಕಿ, ಅಷ್ಟೆ. ಕಿಡಿ ಬಿದ್ದರೆ ಅದೂ ಹೊತ್ತಿಕೊಳ್ಳುತ್ತದೆ, ಪೆಟ್ಟಿಗೆಗಟ್ಟಲೆ ಒಟ್ಟಿದ್ದರೆ ಅದೂ ಸಿಡಿಯುತ್ತದೆ. ಕಾಲು ಮುರಿದವನಿಗೆ ಕೆಮ್ಮಿನ ಔಷಧಿ ಕೊಟ್ಟ ಹಾಗಾಯಿತು.

ಇನ್ನು ನಮ್ಮ ಮೈದಾನದ ಕಥೆ. 2008ರ ಸ್ಫೋಟಕ ನಿಯಮಗಳ ಪ್ರಕಾರ ತಾತ್ಕಾಲಿಕ ಅಂಗಡಿಗಳ ನಡುವೆ ಕನಿಷ್ಠ 3 ಮೀಟರ್ ಅಂತರ ಇರಬೇಕು. ಒಂದರ ಬಾಗಿಲು ಇನ್ನೊಂದಕ್ಕೆ ಎದುರಾಗಬಾರದು. ಒಳಗೆ ತೂಗುಬಿಟ್ಟ ಬಲ್ಬು ಬೇಡ, ದೀಪ ಬೇಡ. ಶೆಡ್ಡಿನ 50 ಮೀಟರ್ ಒಳಗೆ ಪಟಾಕಿ ಹಚ್ಚಿ ತೋರಿಸುವ ಹಾಗಿಲ್ಲ. ಬರೆದವರು ಬುದ್ಧಿವಂತರು. ನಮ್ಮಲ್ಲಿ ಹನ್ನೆರಡು ಅಂಗಡಿ ಎರಡು ಸಾಲಿನಲ್ಲಿ ಎದುರುಬದುರು ನಿಲ್ಲುತ್ತಿದ್ದವು, ತೇರಿನ ಬೀದಿಯ ಹಾಗೆ. ಇಬ್ಬರಿಗೆ ಒಂದೇ ತಗಡಿನ ಗೋಡೆ, ಅದರಿಂದ ಬಾಡಿಗೆ ಉಳಿಯುತ್ತಿತ್ತು. ಮೂಲೆಯಲ್ಲಿ ಮಿರ್ಚಿ ಬಜ್ಜಿ ಗಾಡಿ, ಅದರಡಿ ಗ್ಯಾಸ್ ಒಲೆ. ಹತ್ತು ಹೆಜ್ಜೆಯಲ್ಲಿ ನನ್ನ ರಾಕೆಟ್ ಪೆಟ್ಟಿಗೆಗಳು. ನಾನೂ ಅಲ್ಲಿಂದಲೇ ಬಜ್ಜಿ ತರಿಸುತ್ತಿದ್ದೆ ಎನ್ನುವುದನ್ನು ಮುಚ್ಚಿಡುವುದಿಲ್ಲ.

ತಪಾಸಣೆಯೂ ಇತ್ತು. ಹನ್ನೆರಡು ಅಂಗಡಿಗೆ ಬೆಂಕಿ ಆರಿಸುವ ಸಿಲಿಂಡರ್ ಇದ್ದದ್ದು ನಾಲ್ಕು. ಸಾಹೇಬರು ಒಂದು ಅಂಗಡಿ ನೋಡಿ ಮುಂದೆ ಹೋದ ಹಾಗೆ, ಹುಡುಗನೊಬ್ಬ ಅಲ್ಲಿನ ಸಿಲಿಂಡರ್ ಹೊತ್ತು ಶೆಡ್ಡುಗಳ ಹಿಂದಿನಿಂದ ಓಡಿ ಮುಂದಿನ ಅಂಗಡಿಯಲ್ಲಿ ಇಡುತ್ತಿದ್ದ. ಹನ್ನೆರಡಕ್ಕೆ ಹನ್ನೆರಡೂ ಪಾಸು. ಸಾಹೇಬರಿಗೆ ಇದು ಕಾಣಲಿಲ್ಲವೇ? ಏದುಸಿರು ಬಿಡುತ್ತಿದ್ದ ಆ ಹುಡುಗ ಎರಡು ಸಲ ಅವರಿಗೇ ಡಿಕ್ಕಿ ಹೊಡೆದಿದ್ದ. ಮರಳಿನ ಬಕೆಟ್ಟೇನೋ ಪ್ರತಿ ಅಂಗಡಿಗೂ ಒಂದೊಂದು ಇತ್ತು. ನನ್ನದರಲ್ಲಿ ಮರಳಿಗಿಂತ ಬೀಡಿ ತುಂಡು, ಎಲೆಯಡಿಕೆ ಉಗುಳೇ ಹೆಚ್ಚು.

ನನ್ನ ಕೊನೆಯ ವರ್ಷ, ನರಕ ಚತುರ್ದಶಿಯ ಸಂಜೆ, ಪಕ್ಕದ ಅಂಗಡಿಯ ಗಿರಾಕಿಯೊಬ್ಬ ‘ಠುಸ್ ಮಾಲು ಕೊಟ್ಟಿದ್ದೀಯ’ ಎಂದು ಜಗಳಕ್ಕೆ ನಿಂತ. ನಂಬಿಸಲು ವ್ಯಾಪಾರಿ ಅಲ್ಲೇ ಒಂದು ರಾಕೆಟ್ ಹಚ್ಚಿದ. ಅದು ಮೇಲೆ ಹೋಗದೆ ಅಡ್ಡಕ್ಕೆ ತಿರುಗಿ ನಮ್ಮ ಶೆಡ್ಡಿನ ಮೇಲಿನ ಟಾರ್ಪಾಲಿಗೆ ಸಿಕ್ಕಿಕೊಂಡಿತು. ಭಾವಮೈದುನ ಒದ್ದೆ ಗೋಣಿಚೀಲದಿಂದ ಬಡಿದು ಆರಿಸಿದ. ಟಾರ್ಪಾಲಿನಲ್ಲಿ ಅಂಗೈಯಗಲ ತೂತು ಬಿತ್ತು. ಆ ಹೊತ್ತಿಗೆ ನನ್ನ ಮುಂದೆ ಇಪ್ಪತ್ತಕ್ಕೂ ಹೆಚ್ಚು ಜನ, ಅರ್ಧ ಮಕ್ಕಳು. ಒಬ್ಬರೂ ಓಡಲಿಲ್ಲ, ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಇನ್ನೂ ಕಿವಿಯಲ್ಲಿದೆ.

ಹಾಗಾದರೆ ಪೂರ್ತಿ ನಿಷೇಧಿಸಿ ಎನ್ನುತ್ತೀಯಾ ಎಂದು ನೀವು ಕೇಳಬಹುದು. ಇಲ್ಲ. ಬಲಿಪಾಡ್ಯಮಿಯ ಸಂಜೆ ಮೊಮ್ಮಗಳ ಕೈಗೆ ಸುರ್‌ಸುರ್ ಬತ್ತಿ ಕೊಡಬೇಡ ಎಂದು ಯಾವ ಸರ್ಕಾರ ಹೇಳಿದರೂ ನಮ್ಮೂರು ಕೇಳುವುದಿಲ್ಲ. ಪೂರ್ತಿ ಮುಚ್ಚಿದರೆ ವ್ಯಾಪಾರ ಗಡಿ ದಾಟಿ ಬಸ್ಸಿನ ಸೀಟಿನ ಕೆಳಗೆ ಬರುತ್ತದೆ, ಅದು ಇನ್ನೂ ಕೆಟ್ಟದ್ದು. ಆದರೆ ಸುರ್‌ಸುರ್ ಬತ್ತಿ ಬೇರೆ, ಆಟಂಬಾಂಬ್ ಬೇರೆ. ಹೂಕುಂಡ, ನೆಲಚಕ್ರ, ಬತ್ತಿಗಳಷ್ಟೇ ಜನರ ಕೈಗೆ ಹೋಗಲಿ. ಅವೂ ಸುಡುತ್ತವೆ, ಒಪ್ಪಿದೆ. ಆದರೆ ಒಂದು ಕೇರಿಯನ್ನು ಹಾರಿಸುವುದಿಲ್ಲ. ಬಾಂಬು, ರಾಕೆಟ್, ಆಕಾಶದಲ್ಲಿ ಸಿಡಿಯುವ ಶಾಟ್‌ಗಳನ್ನು ಸಾಮಾನ್ಯ ಜನರಿಗೆ ಮಾರುವುದನ್ನೇ ನಿಲ್ಲಿಸಿ. ಐನೂರರ ನೋಟು ಹಿಡಿದು ಬಂದ ಹತ್ತು ವರ್ಷದ ಹುಡುಗನಿಗೆ ನಾನು ಬಾಂಬಿನ ಡಬ್ಬ ಕೊಟ್ಟಿದ್ದೇನೆ. ಚಿಲ್ಲರೆ ಸರಿಯಾಗಿ ಎಣಿಸಿಕೊಂಡು ಹೋದ ಜಾಣ. ಬೆಂಗಳೂರಿನ ಮಿಂಟೊ ಕಣ್ಣಾಸ್ಪತ್ರೆಯಲ್ಲಿ ಪ್ರತಿ ದೀಪಾವಳಿಗೆ ವೈದ್ಯರು ರಾತ್ರಿಯಿಡೀ ಸಜ್ಜಾಗಿ ಕೂರುವುದು ಇಂಥವರಿಗಾಗಿ, ಇಂಥವರ ಪಕ್ಕ ಸುಮ್ಮನೆ ನೋಡುತ್ತ ನಿಂತವರಿಗಾಗಿ.

ದೊಡ್ಡ ಸದ್ದು, ಆಕಾಶದ ಬಣ್ಣ ಬೇಕೆನ್ನುವವರಿಗೆ ಊರಿಗೊಂದು ಮೈದಾನ ಗೊತ್ತುಮಾಡಿ. ಪರವಾನಗಿ ಇರುವ ಪಳಗಿದ ಕೈಗಳು ರಾತ್ರಿ 8ರಿಂದ 10ರ ನಡುವೆ ಹಚ್ಚಲಿ, ಊರೆಲ್ಲ ದೂರ ನಿಂತು ನೋಡಲಿ. ಇದೇನೂ ನನ್ನ ತಲೆಯಿಂದ ಹುಟ್ಟಿದ್ದಲ್ಲ. 2018ರ ಅಕ್ಟೋಬರ್ 23ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟೇ ಸಾಮೂಹಿಕವಾಗಿ ಒಂದು ಜಾಗದಲ್ಲಿ ಹಚ್ಚುವ ಸಾಧ್ಯತೆ ನೋಡಿ ಎಂದಿತ್ತು. ಅದೇ ತೀರ್ಪು ಸರಪಟಾಕಿಯ ತಯಾರಿಕೆ, ಮಾರಾಟ, ಬಳಕೆ ಮೂರನ್ನೂ ನಿಷೇಧಿಸಿತ್ತು. ಹೋದ ವರ್ಷ ನಮ್ಮೂರಿನಲ್ಲಿ ಒಬ್ಬ ನಾಯಕರು ಕಾರಿನಿಂದ ಇಳಿದಾಗ ಕ್ರೇನಿನಿಂದ ಸೇಬಿನ ಹಾರ, ಕೆಳಗೆ ರಸ್ತೆಯುದ್ದಕ್ಕೂ ಸರಪಟಾಕಿ. ಬಂದೋಬಸ್ತಿನ ಪೊಲೀಸರು ಕಿವಿ ಮುಚ್ಚಿಕೊಂಡು ನಿಂತಿದ್ದರು. ಪಕ್ಷ ಯಾವುದು ಎಂದು ಬರೆಯುವುದಿಲ್ಲ, ಈ ವಿಷಯದಲ್ಲಿ ನಿಮ್ಮೆಲ್ಲರದೂ ಒಂದೇ ಪಕ್ಷ.

ವ್ಯಾಪಾರಿಗಳ ಹೊಟ್ಟೆಪಾಡು? ನನ್ನ ಹಳೆಯ ಗೆಳೆಯರು ಈ ಪತ್ರ ಓದಿ ಬೈಯುತ್ತಾರೆ. ಡಬ್ಬದ ಮೇಲೆ 600 ಎಂದು ಅಚ್ಚಾಗಿರುತ್ತಿತ್ತು, ನಮಗೆ ಬೀಳುತ್ತಿದ್ದುದು 90. ‘ಶೇ 70 ರಿಯಾಯಿತಿ’ ಎಂದು ಬೋರ್ಡು ಬರೆದು 180ಕ್ಕೆ ಕೊಟ್ಟರೆ ಗಿರಾಕಿಯೂ ಖುಷಿ, ನಾವೂ ಖುಷಿ. ಇದರಲ್ಲಿ ಸ್ವಲ್ಪ ಕಡಿಮೆಯಾದರೆ ಯಾರ ಒಲೆಯೂ ಆರುವುದಿಲ್ಲ. ಕಷ್ಟವಾಗುವುದು ಶಿವಕಾಶಿಯ ಕೂಲಿಯವರಿಗೆ, ಅದು ನಿಜ. ಅದಕ್ಕೇ ಏಕಾಏಕಿ ಬೇಡ, ಒಂದು ವರ್ಷ ಮುಂಚೆ ಹೇಳಿ. ಹಬ್ಬಕ್ಕೆ ವಾರ ಇರುವಾಗ ಹೊರಡಿಸುವ ಸುತ್ತೋಲೆಯಿಂದ ನಷ್ಟ ಸಣ್ಣವನಿಗೆ ಮಾತ್ರ. ದೊಡ್ಡವನ ಸರಕು ಆಗಲೇ ಖಾಲಿಯಾಗಿರುತ್ತದೆ.

ಕಟ್ಟಡದೊಳಗೆ, ಹಿಂದೆ ಗೋದಾಮು ಮುಂದೆ ಅಂಗಡಿ ಎನ್ನುವ ಪಟಾಕಿ ಮಳಿಗೆಗಳಿಗೆ ಇನ್ನು ಹೊಸ ಪರವಾನಗಿಗೂ ನವೀಕರಣಕ್ಕೂ ನಿಮ್ಮ ಇಲಾಖೆ ಒಪ್ಪಿಗೆ ಕೊಡದಿರಲಿ. ಬಯಲಿನ ಅಂಗಡಿಗಳ ತಪಾಸಣೆ ಬೆಳಿಗ್ಗೆ ಹನ್ನೊಂದಕ್ಕೆ ಬೇಡ, ಜನ ತುಂಬಿರುವ ಸಂಜೆ ಏಳಕ್ಕೆ ಆಗಲಿ. ಈ ದೀಪಾವಳಿಗೆ ನೀವೇ ಒಮ್ಮೆ, ಯಾರಿಗೂ ಹೇಳದೆ, ಯಾವುದಾದರೂ ಊರಿನ ಮೈದಾನಕ್ಕೆ ಬಂದು ಎರಡು ಅಂಗಡಿಗಳ ನಡುವೆ ಟೇಪು ಹಿಡಿಯಿರಿ. ನಮ್ಮೂರಿಗೇ ಬರುವುದಾದರೆ ಟೇಪು ತರುವುದೂ ಬೇಡ, ನನ್ನ ಅಂಗಡಿಯಲ್ಲಿ 5 ಮೀಟರಿನದು ಇದೆ.

ಇತಿ,
ಒಬ್ಬ ಮಾಜಿ ಪಟಾಕಿ ವ್ಯಾಪಾರಿ